ಚಗಳಿ ಕಲಿಸಿದ ಇಂಗ್ಲಿಷ್

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ತೋಟದ ಮನೆ. ಎರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಿದ್ದೇವೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಒಂದು ಆಷಾಢದಲ್ಲಿ ಮಳೆ ಬಿಡದೆ ಹೊಡೆಯುತ್ತಿತ್ತು. ಮೂರು ದಿನಗಳಿಂದ ಕರೆಂಟಿಲ್ಲ, ಬಚ್ಚಲೊಲೆಯ ಸೌದೆಯೂ ಹಸಿ. ವಿದೇಶದಿಂದ ಬಂದಿದ್ದ ದಂಪತಿಗೆ ಬೆಳಗಿನ ಸ್ನಾನಕ್ಕೆ ತಣ್ಣೀರೇ ಗತಿಯಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಸಿನಿಮಾಗಳಲ್ಲಿ ಕೇಳಿದ್ದ ಪದವೊಂದು ನೆನಪಾಗಿ, ಧೈರ್ಯ ಮಾಡಿ, ‘ಐ ಆಮ್ ವೆರಿ ಎಂಬ್ಯಾರಸಿಂಗ್’ ಎಂದುಬಿಟ್ಟೆ. ಆಕೆ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ನನ್ನ ಕೈ ಹಿಡಿದು, ‘ಇಲ್ಲ ಇಲ್ಲ, ನೀವು ಖಂಡಿತ ಹಾಗಿಲ್ಲ’ ಎಂದು ಸಮಾಧಾನ ಮಾಡಿದರು. ರಾತ್ರಿ ಮಗನ ನಿಘಂಟು ತೆರೆದಾಗ ಗೊತ್ತಾಯಿತು: ‘ನನಗೆ ಮುಜುಗರವಾಗಿದೆ’ ಎನ್ನಲು ಹೋಗಿ, ‘ನಾನು ಕಂಡವರಿಗೆಲ್ಲ ಮುಜುಗರ ತರುವ ಹೆಂಗಸು’ ಎಂದು ಪರಿಚಯಿಸಿಕೊಂಡಿದ್ದೆ.

ಹಠ ಹಿಡಿದೆ. ಕೂಲಿ ಲೆಕ್ಕದ ಹಳೆಯ ಪುಸ್ತಕದ ಖಾಲಿ ಹಾಳೆಗಳಲ್ಲಿ ದಿನಕ್ಕೊಂದು ವಾಕ್ಯ ಬರೆಯತೊಡಗಿದೆ. ಅಂದು ಮನೆಯಲ್ಲಿ ನಡೆದದ್ದನ್ನೇ ಬರೆಯಬೇಕು, ಅದರಲ್ಲಿ ಈ ಪದ ಇರಲೇಬೇಕು ಎಂಬುದು ನಾನೇ ಹಾಕಿಕೊಂಡ ಕಟ್ಟಳೆ.

ಮೊದಲ ವಾರವೆಲ್ಲ ‘ಎಂಬ್ಯಾರಸ್ಡ್’ ಎಲ್ಲಿ, ‘ಎಂಬ್ಯಾರಸಿಂಗ್’ ಎಲ್ಲಿ ಎಂಬ ಗೊಂದಲದಲ್ಲೇ ಕಳೆಯಿತು. ಅದನ್ನು ಬಿಡಿಸಿದ್ದು ತೋಟದ ಚಗಳಿ. ಕಾಫಿ ಗಿಡದ ಎಲೆ ಹೆಣೆದು ಗೂಡು ಕಟ್ಟುವ ಆ ಕೆಂಪಿರುವೆಯ ಕಡಿತ ತಿಳಿಯದವರು ಮಲೆನಾಡಿನಲ್ಲಿ ಯಾರಿದ್ದಾರೆ? ಕಚ್ಚುವ ಚಗಳಿಗೆ ‘ಇಂಗ್’, ಕಚ್ಚಿಸಿಕೊಂಡು ಕುಣಿಯುವವಳಿಗೆ ‘ಎಡ್’ ಎಂದು ಬರೆದುಕೊಂಡೆ. ತಣ್ಣೀರು ಎಂಬ್ಯಾರಸಿಂಗ್, ನಾನು ಎಂಬ್ಯಾರಸ್ಡ್. ಭಾಷಣ ಬೋರಿಂಗ್, ಕೇಳಿದವರು ಬೋರ್ಡ್. ಅಲ್ಲಿಂದ ಮುಂದೆ ಈ ವಿಷಯದಲ್ಲಿ ತಪ್ಪಿದ್ದು ಕಡಿಮೆ.

ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಕನ್ನಡದಲ್ಲಿ ಮುಜುಗರ ಮಳೆಯ ಹಾಗೆ, ತಾನಾಗಿ ಆಗುತ್ತದೆ. ‘ನನಗೆ ಮುಜುಗರವಾಯಿತು’ ಎಂದರೆ ಸಾಕು, ಯಾರು ಮಾಡಿದರು ಎಂದು ಹೇಳಬೇಕಾಗಿಲ್ಲ. ನಾವು ‘ನನಗೆ’ ಎಂದು ಒಂದು ಬದಿಗೆ ಸರಿದು ನಿಲ್ಲುತ್ತೇವೆ. ಇಂಗ್ಲಿಷಿನ ಈ ಕ್ರಿಯಾಪದಕ್ಕೆ ಮಾಡುವವರೂ ಬೇಕು, ಅನುಭವಿಸುವವರೂ ಬೇಕು: ‘ಮೈ ಸನ್ ಎಂಬ್ಯಾರಸ್ಡ್ ಮಿ’. ಮಾಡಿದವರ ಹೆಸರು ಬೇಡವೆಂದರೆ ‘ಐ ವಾಸ್ ಎಂಬ್ಯಾರಸ್ಡ್’. ಆ ‘ವಾಸ್’ ಬಿಟ್ಟು ಹೋದರೆ, ನಾನು ಯಾರನ್ನೋ ಪೇಚಿಗೆ ಸಿಕ್ಕಿಸಿದೆ ಎಂದು ಹೊರಟು ಯಾರನ್ನು ಎಂದು ಹೇಳದೆ ನಿಂತಂತಾಗುತ್ತದೆ. ನಾನು ತಿಂಗಳುಗಟ್ಟಲೆ ‘ವಾಸ್’ ನುಂಗಿದವಳು. ಕೊನೆಗೆ ದಾರಿ ತೋರಿಸಿದ್ದು ನಮ್ಮ ಪತ್ರಿಕೆಗಳೇ. ‘ಪಕ್ಷವನ್ನು ಮುಜುಗರಕ್ಕೀಡುಮಾಡಿದ ಹೇಳಿಕೆ’ ಎಂದು ಆಗಾಗ ಬರೆಯುತ್ತಾರಲ್ಲ, ಆ ‘ಈಡುಮಾಡು’ವನ್ನು ಮನಸ್ಸಿನಲ್ಲಿಟ್ಟುಕೊಂಡರೆ ವಾಕ್ಯ ನೆಟ್ಟಗೆ ನಿಲ್ಲುತ್ತದೆ.

ಉಚ್ಚಾರಣೆಯ ಕಥೆ ಚಿಕ್ಕದು. ಮೊದಮೊದಲು ನಾನು ‘ಎಂಬ-ರಾಸ್’ ಎನ್ನುತ್ತಿದ್ದೆ, ಜಾತ್ರೆಯಲ್ಲಿ ರಾಸು ಕೊಳ್ಳಲು ಹೊರಟವರಂತೆ. ಒತ್ತು ನಡುವಿನ ‘ಬ್ಯಾ’ ಮೇಲೆ ಬೀಳಬೇಕು, ‘ರಸ್’ ಹಗುರವಾಗಿ ಜಾರಬೇಕು. ಬರೆಯುವಾಗ ಎರಡು ಆರ್, ಎರಡು ಎಸ್.

ಹೆಚ್ಚು ಕಾಡಿದ್ದು ‘ನಾಚಿಕೆ’. ಮದುಮಗಳು ತಲೆ ತಗ್ಗಿಸಿದರೂ ನಾಚಿಕೆ, ಸಾಲ ತೀರಿಸದವನಿಗೆ ಬೈಯುವಾಗಲೂ ‘ನಾಚಿಕೆಯಾಗುವುದಿಲ್ಲವೇ’. ಇಂಗ್ಲಿಷಿನಲ್ಲಿ ಮದುಮಗಳದು ‘ಶೈ’, ಸಾಲಗಾರನಿಗೆ ಇರಬೇಕಾದದ್ದು ‘ಅಶೇಮ್ಡ್’. ಎಂಬ್ಯಾರಸ್ ಎರಡೂ ಅಲ್ಲ. ನನ್ನ ಪರೀಕ್ಷೆ ಹೀಗೆ: ತೋಟದೊಳಗೆ ಒಬ್ಬಳೇ ಜಾರಿ ಬಿದ್ದರೆ ಸೊಂಟ ನೋಯುತ್ತದೆ, ಅಷ್ಟೇ. ಚಿಕ್ಕಮಗಳೂರಿನ ಬಸ್ ನಿಲ್ದಾಣದಲ್ಲಿ ಬಿದ್ದರೆ ಸೊಂಟಕ್ಕಿಂತ ಮೊದಲು ಸುತ್ತಲಿನವರ ಮುಖ ನೋಡುತ್ತೇನೆ. ಅದು ಎಂಬ್ಯಾರಸ್. ಬಿದ್ದದ್ದು ತಪ್ಪಲ್ಲ, ಕಂಡುಬಿಟ್ಟರಲ್ಲ ಎಂಬುದು ಸಂಕಟ. ಇನ್ನು ‘ದಾಕ್ಷಿಣ್ಯ’ಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕುವುದನ್ನು ನಾನು ಬಿಟ್ಟಿದ್ದೇನೆ.

ಒಮ್ಮೆ ಸ್ಪೇನಿನಿಂದ ಬಂದಿದ್ದ ಹುಡುಗಿಯೊಬ್ಬಳು ನನ್ನ ಪುಸ್ತಕ ನೋಡಿ ಬಿದ್ದು ಬಿದ್ದು ನಕ್ಕಳು. ಅವರ ಭಾಷೆಯಲ್ಲಿ ‘ಎಂಬಾರಾಸಾದಾ’ ಎಂದರೆ ಬಸುರಿಯಂತೆ! ಇಂಗ್ಲಿಷ್ ಪದದ ಬೇರು ಕೆದಕಲು ಹೊರಟದ್ದು ಅಂದಿನಿಂದ. ಅದು ಫ್ರೆಂಚಿನಿಂದ 17ನೆಯ ಶತಮಾನದಲ್ಲಿ ಬಂದ ಪದ. ಹಳೆಯ ಅರ್ಥ ಅಡ್ಡಗಟ್ಟುವುದು, ತಡೆಯೊಡ್ಡುವುದು. ಚಾರ್ಮಾಡಿ ಘಾಟಿಯಲ್ಲಿ ಮರ ಉರುಳಿ ರಸ್ತೆ ಕಟ್ಟಿಕೊಳ್ಳುವುದನ್ನು ಕಂಡವರಿಗೆ, ಮುಜುಗರದಲ್ಲಿ ನಾಲಿಗೆ ಕಟ್ಟಿಕೊಳ್ಳುವುದೂ ಅದೇ ಜಾತಿಯದು ಎಂದು ಹೊಳೆಯದಿರದು. ಕೈಯಲ್ಲಿ ದುಡ್ಡಿಲ್ಲದವನನ್ನೂ ಇಂಗ್ಲಿಷಿನವರು ‘ಫೈನಾನ್ಷಿಯಲಿ ಎಂಬ್ಯಾರಸ್ಡ್’ ಎನ್ನುತ್ತಾರೆ. ನಮ್ಮವರು ಕೊಯ್ಲಿಗೆ ಮುಂಚೆ ‘ಸ್ವಲ್ಪ ಅಡಚಣೆಯಿದೆ’ ಎಂದು ಸಾಲ ಕೇಳಲು ಬರುವುದಿಲ್ಲವೇ, ಥೇಟ್ ಹಾಗೆಯೇ. ಆ ದಿನ ಪುಸ್ತಕದಲ್ಲಿ ಎರಡು ವಾಕ್ಯ ಬರೆದೆ.

ಕಳೆದ ತಿಂಗಳು ಬಂದಿದ್ದ ವಯಸ್ಸಾದ ಅತಿಥಿಯೊಬ್ಬರು ತಿಂಡಿಯ ಹೊತ್ತಿನಲ್ಲಿ ಲೋಟ ಉರುಳಿಸಿ, ಹೊಸ ಮೇಜುಬಟ್ಟೆಯ ಮೇಲೆಲ್ಲ ಕಾಫಿ ಚೆಲ್ಲಿದರು. ಕಿವಿಯವರೆಗೆ ಕೆಂಪಾದರು. ‘ಪ್ಲೀಸ್ ಡೋಂಟ್ ಬಿ ಎಂಬ್ಯಾರಸ್ಡ್’ ಎಂದೆ. ಒಂದೇ ಉಸಿರಿಗೆ, ‘ಎಡ್’ ಸಮೇತ. ಇದನ್ನು ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಅವರು ಕೇಳಿದರು. ಈಗ ನಾಲಿಗೆ ಕಟ್ಟಿಕೊಂಡದ್ದು ನನಗೆ. ಮುಜುಗರಪಡಬೇಡಿ ಎನ್ನಲೇ, ನಾಚಿಕೊಳ್ಳಬೇಡಿ ಎನ್ನಲೇ? ಊಟಕ್ಕೆ ಕುಳಿತವರಿಗೆ ನಮ್ಮಲ್ಲಿ ಯಾರೂ ಹಾಗೆನ್ನುವುದಿಲ್ಲ. ‘ಸಂಕೋಚ ಬೇಡ’ ಎಂದೆ. ಅವರು ಎರಡು ಸಲ ಹೇಳಿ ಕಲಿತು, ಮೂರನೆಯ ಅಕ್ಕಿರೊಟ್ಟಿಗೆ ಕೈ ಚಾಚಿದರು.