ಎಳೆದು ಕೆಡಿಸಿದ್ದು, ತಳ್ಳಿ ಕೂರಿಸಿದ್ದು

ಹೆಬ್ಬೆರಳಿನ ಕೀಲು ತಪ್ಪಿದವರು ಬಂದರೆ ನನಗೆ ಈಗಲೂ ಹೌಸ್ ಸರ್ಜನ್ ಆಗಿದ್ದಾಗಿನ ಒಂದು ರಾತ್ರಿ ನೆನಪಾಗುತ್ತದೆ. ಬೈಕಿನಿಂದ ಬಿದ್ದವರೊಬ್ಬರು ಬಂದಿದ್ದರು. ಹೆಬ್ಬೆರಳು ಬುಡದಲ್ಲಿ ಹಿಂದಕ್ಕೆ ಬಾಗಿ, ಚೇಳಿನ ಕೊಂಡಿಯ ಹಾಗೆ ಮೇಲೆದ್ದಿತ್ತು. ಕೀಲು ತಪ್ಪಿದರೆ ಎಳೆಯಬೇಕು ಅಂತಷ್ಟೇ ಗೊತ್ತಿದ್ದ ನಾನು ತುದಿ ಹಿಡಿದು ಜೋರಾಗಿ ಎಳೆದೆ. ಬೆರಳೇನೋ ನೇರವಾಯಿತು. ಕೀಲು ಮಾತ್ರ ಕೂರಲಿಲ್ಲ. ಬಗ್ಗಿಸಿದರೆ ಬಗ್ಗಲೂ ಇಲ್ಲ. ಅಂಗೈ ಕಡೆ ಚರ್ಮದಲ್ಲಿ ಸಣ್ಣ ಗುಳಿ ಬಿದ್ದಿತ್ತು. ಮರುದಿನ ಆಪರೇಷನ್ ಮಾಡಿಯೇ ಬಿಡಿಸಬೇಕಾಯಿತು.

ಆಗಿದ್ದಿಷ್ಟು. ಈ ಕೀಲಿನ ಅಂಗೈ ಬದಿಗೆ ವೋಲಾರ್ ಪ್ಲೇಟ್ ಅನ್ನುವ ದಪ್ಪ ಪಟ್ಟಿ ಇರುತ್ತದೆ. ಬೆರಳು ಹಿಂದಕ್ಕೆ ಬಾಗಿ ಕೀಲು ತಪ್ಪಿದಾಗ ಅದು ಹರಿಯುತ್ತದೆ. ಎಳೆದರೆ ಎರಡು ಮೂಳೆಗಳ ನಡುವೆ ಸಂದಿಯಾಗುತ್ತದಲ್ವಾ, ಪಟ್ಟಿ ಅದರೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಳೆದಷ್ಟೂ ಬಿಗಿ. ಚರ್ಮದ ಆ ಗುಳಿ ಅದರದ್ದೇ ಗುರುತು.

ಹೋದ ವರ್ಷ ಕಬಡ್ಡಿ ಆಡುವ ಹುಡುಗನೊಬ್ಬ ಬಂದ. ಅದೇ ಚೇಳಿನ ಕೊಂಡಿ.

"ಫ್ರೆಂಡ್ ಎಳೀತೀನಿ ಅಂದ ಡಾಕ್ಟ್ರೇ, ನಾನೇ ಬಿಡ್ಲಿಲ್ಲ."

"ಬಚಾವಾದೆ ಕಣೋ," ಅಂದೆ.

ಬೆರಳ ತುದಿಗೆ ಸ್ಪರ್ಶ ಗೊತ್ತಾಗುತ್ತಿದೆಯಾ ಅಂತ ನೋಡಿದೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಕೊಟ್ಟು ಹತ್ತು ನಿಮಿಷ ಕಾದೆ. ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಿದೆ, ಬೆರಳ ತುದಿಯ ಗಿಣ್ಣನ್ನೂ ಮಡಚಿದೆ. ಹಾಗೆ ಮಾಡಿದರೆ ಬೆರಳು ಮಡಚುವ ಸ್ನಾಯುರಜ್ಜು ಸಡಿಲವಾಗುತ್ತದೆ. ಹಿಂದಕ್ಕೆ ಬಾಗಿದ ಬೆರಳನ್ನು ಇನ್ನೂ ಸ್ವಲ್ಪ ಹಿಂದಕ್ಕೇ ಬಾಗಿಸಿ, ಅದರ ಬುಡಕ್ಕೆ ನನ್ನ ಹೆಬ್ಬೆರಳಿಟ್ಟು ಮುಂದಕ್ಕೆ ತಳ್ಳಿದೆ. ಮೂಳೆಗೆ ಮೂಳೆ ತಾಗಿಕೊಂಡೇ ಜಾರಬೇಕು, ಮಧ್ಯೆ ಸಂದಿ ಬಿಡಬಾರದು. ಟಕ್ ಅಂತ ಕೂತಿತು. ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ, ದಯವಿಟ್ಟು.

ಕೂತಿತು ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ತೋರುಬೆರಳ ಕಡೆಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದಿದ್ದರೆ ಮುಂದೆ ಚಿಟಿಕೆ ಹಿಡಿಯಲು ಬಲವೇ ಇರುವುದಿಲ್ಲ. ಹೆಬ್ಬೆರಳನ್ನು ಮೆಲ್ಲಗೆ ಹೊರಕ್ಕೆ ಬಾಗಿಸಿ, ಇನ್ನೊಂದು ಕೈಗೆ ಹೋಲಿಸಿ ನೋಡಿದೆ. ಗಟ್ಟಿಯಾಗಿ ತಡೆಯಿತು. ತಡೆಯದೆ ಕೀಲು ಬಾಯಿ ಬಿಟ್ಟಿದ್ದರೆ ಆಪರೇಷನ್ ಮಾತು ಎತ್ತಬೇಕಾಗುತ್ತಿತ್ತು. ಮತ್ತೊಂದು ಎಕ್ಸ್‌ರೇ ತೆಗೆಸಿ, ಬೆರಳು ಅಲುಗದ ಹಾಗೆ ಸ್ಪ್ಲಿಂಟ್ ಹಾಕಿ, ಮೂರು ವಾರ ತೆಗೆಯಬೇಡ ಅಂದೆ.

"ಟೂರ್ನಮೆಂಟ್ ಇದೆ ಡಾಕ್ಟ್ರೇ, ಎರಡು ವಾರ ಸಾಕಲ್ವಾ?"

ಹತ್ತನೇ ದಿನ ತೋರಿಸಲು ಬಂದ. ಸ್ಪ್ಲಿಂಟ್ ಪ್ಯಾಂಟಿನ ಜೇಬಿನಲ್ಲಿತ್ತು.