ಮಡಿಕೇರಿಯನ್ನು ಮುಚ್ಚಿಟ್ಟು ನೋಡಿದಾಗ

ಜನವರಿಯ ಒಂದು ಬೆಳಗ್ಗೆ. ಕೊಡಗಿನ ಸುಂಟಿಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿಟ್ಟಿದ್ದ ಸಣ್ಣ ಸೆನ್ಸರ್ ಪಿಎಂ 2.5 ಅಂದರೆ ಸೂಕ್ಷ್ಮ ದೂಳು 300 ದಾಟಿದೆ ಎಂದು ತೋರಿಸುತ್ತಿತ್ತು. ನಮ್ಮ ದೇಶದಲ್ಲಿ ದಿನದ ಸರಾಸರಿಗೆ ಇಟ್ಟಿರುವ ಮಿತಿಯೇ 60 ಮೈಕ್ರೋಗ್ರಾಂ. ಗಾಬರಿಯಾಗಿ, ಕಣದಲ್ಲಿ ಕಾಫಿ ಹರಡಿಸುತ್ತಿದ್ದ ರೈಟರನ್ನು (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಕರೆದು ತೋರಿಸಿದೆ.

"ಇದೆಲ್ಲಿ ಹೊಗೆ ಸಾರ್, ಮಂಜಲ್ವಾ? ಬಿಸಿಲು ಏರಿದ್ರೆ ಹೋಗುತ್ತೆ" ಅಂದರು.

ಹಾಗೇ ಆಯಿತು. ಹತ್ತು ಗಂಟೆಗೆಲ್ಲ ಅಂಕಿ ಸರ್ರನೆ ಇಳಿಯಿತು. ಇಂಥ ಅಗ್ಗದ ಸೆನ್ಸರ್ ಬೆಳಕು ಎಷ್ಟು ಚದುರುತ್ತದೆ ಎಂದು ನೋಡಿ ದೂಳನ್ನು ಲೆಕ್ಕ ಹಾಕುತ್ತದೆ. ಮಂಜಿನ ಹನಿಯೂ ಅದಕ್ಕೆ ದೂಳೇ.

ಆ ಹೊತ್ತಿಗೆ ನಾನು ಉಪಗ್ರಹದ ಚಿತ್ರಗಳಿಂದ ಕುಶಾಲನಗರ, ಮಡಿಕೇರಿ ಪೇಟೆಗಳ ಗಾಳಿಯನ್ನು ಅಂದಾಜು ಮಾಡುವ ಕೆಲಸದಲ್ಲಿದ್ದೆ. ಹೆದ್ದಾರಿಯ ವಾಹನ, ರಜೆಯ ದಿನಗಳ ಪ್ರವಾಸಿಗರ ಸಾಲು, ಬೀದಿ ಬದಿಯಲ್ಲಿ ಸುಡುವ ಕಸ, ಇವೆಲ್ಲ ನಮ್ಮ ಮಕ್ಕಳ ಎದೆಗೆ ಎಷ್ಟು ಇಳಿಯುತ್ತಿದೆ ಎಂದು ತಿಳಿಯಬೇಕಿತ್ತು.

ಉಪಗ್ರಹ ಪಿಎಂ 2.5 ಅನ್ನು ನೇರವಾಗಿ ಅಳೆಯುವುದಿಲ್ಲ. ನೆಲದಿಂದ ಮೇಲಿನವರೆಗೆ ಇಡೀ ಗಾಳಿಯಲ್ಲಿರುವ ದೂಳು, ಹೊಗೆ ಸೇರಿ ಎಷ್ಟು ಬೆಳಕನ್ನು ತಡೆದವು ಎಂದಷ್ಟೇ ಹೇಳುತ್ತದೆ. ಇದನ್ನು ಎಒಡಿ (ಏರೋಸಾಲ್ ಆಪ್ಟಿಕಲ್ ಡೆಪ್ತ್) ಎನ್ನುತ್ತಾರೆ. ನಾವು ಉಸಿರಾಡುವುದು ನೆಲದ ಹತ್ತಿರದ ಗಾಳಿ. ಇವೆರಡರ ನಡುವಿನ ನಂಟನ್ನು ಮಾಡೆಲ್, ಅಂದರೆ ಹಳೆಯ ಅಂಕಿಗಳಿಂದ ಕಲಿತು ಅಂದಾಜು ಹೇಳುವ ಕಂಪ್ಯೂಟರ್ ಪ್ರೋಗ್ರಾಂ, ಕಲಿಯಬೇಕು. ತೇವ ಜಾಸ್ತಿ ಇದ್ದರೆ ದೂಳಿನ ಕಣ ನೀರು ಹೀರಿ ಊದಿಕೊಳ್ಳುತ್ತದೆ, ಬೆಳಕನ್ನು ಇನ್ನಷ್ಟು ತಡೆಯುತ್ತದೆ. ಹಾಗಾಗಿ ನಾಸಾ ಉಪಗ್ರಹಗಳಲ್ಲಿರುವ ಉಪಕರಣ ಮೋಡಿಸ್‌ನ 1 ಕಿಲೋಮೀಟರ್ ಚೌಕದ ಎಒಡಿ ಜೊತೆಗೆ ತೇವಾಂಶ, ಗಾಳಿಯ ವೇಗ, ರಸ್ತೆ, ನೆಲದ ಎತ್ತರ ಎಲ್ಲ ಸೇರಿಸಿದೆ. 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹ ಕೊಡುವ ನೈಟ್ರೋಜನ್ ಡೈಆಕ್ಸೈಡ್ ಅಂಕಿಯನ್ನೂ ತಂದೆ. ಆದರೆ ಅದರ ಒಂದು ಚೌಕ ಈಗ ಸುಮಾರು 5.5 ಗುಣಿಸು 3.5 ಕಿಲೋಮೀಟರ್. ಕುಶಾಲನಗರದಂಥ ಪೇಟೆ ಒಂದೆರಡು ಚೌಕದೊಳಗೇ ಮುಗಿದುಹೋಗುತ್ತದೆ. ಯಾವ ಬೀದಿ ಎಂದು ಕೇಳುವ ಹಾಗೇ ಇಲ್ಲ.

ಕಲಿಸಲು ಬೆಂಗಳೂರು, ಮೈಸೂರು, ಮಡಿಕೇರಿಯ ಮಾಪನ ಕೇಂದ್ರಗಳ ಅಂಕಿ ತೆಗೆದುಕೊಂಡೆ. ರಾಂಡಮ್ ಫಾರೆಸ್ಟ್ ಎಂಬ ಬಗೆಯ ಮಾಡೆಲ್ ಓಡಿಸಿದೆ. ಫಲಿತಾಂಶ ತುಂಬಾ ಚೆನ್ನಾಗಿ ಬಂತು. ಮನೆಯವರಿಗೆಲ್ಲ ನಕ್ಷೆ ತೋರಿಸಿ ಖುಷಿಪಟ್ಟೆ.

ರಾತ್ರಿ ಮಾತ್ರ ಒಂದು ಅನುಮಾನ ಕೊರೆಯಿತು. ಪರೀಕ್ಷೆಗೆ ಇಟ್ಟ ದಿನಗಳನ್ನು ನಾನು ಸುಮ್ನೆ ಅಲ್ಲಲ್ಲಿ ಹೆಕ್ಕಿದ್ದೆ. ಅಂದರೆ ಮಡಿಕೇರಿಯ ಸೋಮವಾರ, ಬುಧವಾರವನ್ನು ಕಲಿಸಿ ಮಂಗಳವಾರವನ್ನು ಕೇಳಿದ ಹಾಗೆ. ಈ ಸಲ ಮಡಿಕೇರಿಯನ್ನು ಪೂರ್ತಿ ಮುಚ್ಚಿಟ್ಟು, ಉಳಿದ ಊರುಗಳಿಂದ ಕಲಿಸಿ, ಮಡಿಕೇರಿಯನ್ನು ಕೇಳಿದೆ. ಬೆಂಗಳೂರಿನ ಹೊಗೆಯನ್ನು ಎತ್ತಿ ಬೆಟ್ಟದ ಮೇಲೆ ಇಟ್ಟಂತಹ ಅಂಕಿ ಬಂತು.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ತಪ್ಪಿದ್ದದ್ದು ನೆಲದ ಎತ್ತರದಲ್ಲಿ. ಕಲಿಸಲು ಕೊಟ್ಟ ಎತ್ತರದ ಅಂಕಿಗಳಲ್ಲಿ ಸುಮಾರು 1,150 ಮೀಟರ್ ಇದ್ದ ಊರು ಒಂದೇ, ಮಡಿಕೇರಿ. ಎತ್ತರ ಹೆಚ್ಚಾದರೆ ಗಾಳಿ ಏಕೆ ಬದಲಾಗುತ್ತದೆ ಎಂದು ಮಾಡೆಲ್ ಕಲಿತಿರಲಿಲ್ಲ. ಆ ಅಂಕಿ ಕಂಡರೆ ಮಡಿಕೇರಿ ಎಂದು ಗುರುತು ಹಿಡಿದು ಉತ್ತರ ಹೇಳುತ್ತಿತ್ತು, ಅಷ್ಟೇ. ಅಲ್ಲಿಂದ ಸುಮಾರು 300 ಮೀಟರ್ ಕೆಳಗಿರುವ ಕುಶಾಲನಗರಕ್ಕೆ ಅದು ಕೊಟ್ಟಿದ್ದ ಅಂಕಿಗೆ ಆಧಾರವೇ ಇರಲಿಲ್ಲ. ಆ ನಕ್ಷೆಯನ್ನು ನಾನು ಅಳಿಸಿದೆ.

ಇನ್ನೊಂದು ತೊಡಕು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೇಲೆ ಮೋಡ ಸರಿಯುವುದೇ ಅಪರೂಪ. ಮೋಡವಿದ್ದರೆ ಎಒಡಿ ಸಿಗುವುದಿಲ್ಲ. ಸಿಕ್ಕ ದಿನಗಳನ್ನೇ ಕೂಡಿಸಿ ವರ್ಷದ ಸರಾಸರಿ ತೆಗೆದರೆ ಅದು ಬರೀ ಬೇಸಿಗೆ, ಚಳಿಗಾಲದ ಸರಾಸರಿ. ಮಳೆ ತೊಳೆದ ಶುದ್ಧ ಗಾಳಿಯ ದಿನಗಳು ಅದರಲ್ಲಿ ಇರುವುದೇ ಇಲ್ಲ. ಹಾಗಾಗಿ ಕೊಡಗಿನ ಗಾಳಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಈಗ ನಾನು ತಿಂಗಳಿಗೊಂದು ನಕ್ಷೆ ಮಾಡುತ್ತೇನೆ. ಚಿತ್ರ ಸಾಲದ ತಿಂಗಳನ್ನು ಬೂದು ಬಣ್ಣದಲ್ಲಿ ಖಾಲಿ ಬಿಡುತ್ತೇನೆ.

ಈ ಸಲ ಕೊಯ್ಲಿಗೆ ಮೊದಲು ಕುಶಾಲನಗರದ ಗೆಳೆಯನ ಅಂಗಡಿ ಮಹಡಿಯಲ್ಲಿ ಒಂದು ಸೆನ್ಸರ್, ನಮ್ಮ ಜಗಲಿಯಲ್ಲಿ ಒಂದು, ಮಡಿಕೇರಿಯ ಚಿಕ್ಕಮ್ಮನ ಮನೆಯಲ್ಲಿ ಒಂದು ಇಡುತ್ತಿದ್ದೇನೆ. ಮೂರು ಎತ್ತರ ಸಿಕ್ಕ ಹಾಗಾಯಿತು. ಮೂರನ್ನೂ ಮೊದಲು ಹದಿನೈದು ದಿನ ಒಂದೇ ಕಡೆ ಇಟ್ಟು ಒಂದಕ್ಕೊಂದು ತಾಳೆ ನೋಡಬೇಕು. ತೇವಾಂಶ ಶೇಕಡಾ 85 ದಾಟಿದ ಹೊತ್ತಿನ ಅಂಕಿಗಳನ್ನು ಬೇರೆ ತೆಗೆದಿಡುವ ಸಾಲನ್ನು ಕೋಡ್‌ನಲ್ಲಿ ಆಗಲೇ ಬರೆದಿದ್ದೇನೆ. ಜಗಲಿಯ ಸೆನ್ಸರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇದೆ. ಮಂಜು ಎಷ್ಟು ಗಂಟೆಗೆ ಬಿಟ್ಟಿತು ಎಂದು ರೈಟರು ದಿನಾ ಅದರಲ್ಲಿ ಬರೆಯುತ್ತಿದ್ದಾರೆ.