ಹಿರಿಯರ ಕಣ್ಣಿಗೆ ಬೀಳುವ, ಕಿವಿಗೆ ತಲುಪುವ ಪ್ರಚಾರ

ಬಾಗಲಕೋಟೆಯ ನವನಗರದಲ್ಲಿ ನಾವೊಂದಿಷ್ಟು ಜನ ಸೇರಿ ಹಿರಿಯರಿಗಾಗಿ ಒಂದು ಗುಂಪು ನಡೆಸುತ್ತೇವೆ. ವಾರಕ್ಕೊಮ್ಮೆ ಸೇರುತ್ತೇವೆ. ಬಿಪಿ ನೋಡುತ್ತೇವೆ, ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ ತುಂಬಿಕೊಡುತ್ತೇವೆ, ಉಳಿದ ಹೊತ್ತೆಲ್ಲ ಭಜನೆ, ಹರಟೆ. ಇಂಥದ್ದೊಂದು ಇದೆ ಅಂತ ಹಿರಿಯರಿಗೆ ತಿಳಿಸುವ ಕೆಲಸ ನನ್ನದು.

ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ಬಂದವರು ಇಲ್ಲಿ ಬಹಳ. ಈಗಿನ ವಿಳಾಸ ಸೆಕ್ಟರ್ ನಂಬರ್, ಪ್ಲಾಟ್ ನಂಬರ್. ಅಜ್ಜ ಅಜ್ಜಿಯರು ಮಾತ್ರ ಇನ್ನೂ ಹಳೇ ಓಣಿಯಿಂದಲೇ ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಹಾಗಾಗಿ ಸೆಕ್ಟರ್ ಹಿಡಿದು ಮನೆಮನೆಗೆ ಹೋಗುವುದಕ್ಕಿಂತ, ಒಂದೊಂದು ಓಣಿಯವರನ್ನು ಕರೆಯಲು ಅದೇ ಓಣಿಯ ಹಿರಿಯರೊಬ್ಬರನ್ನು ಕೇಳಿಕೊಂಡೆ. "ನೀವು ಯಾರ ಪೈಕಿ ರೀ?" ಅಂತ ಮಾತು ಶುರುವಾದರೆ ಕರೆಯುವುದು ಅರ್ಧ ಮುಗಿದಂತೆಯೇ.

ಪೋಸ್ಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪ್ರೆಸ್ಸಿನವರು ಹೊಳೆಯುವ ಕಾಗದ, ತಿಳಿನೀಲಿ ಅಕ್ಷರ ತೋರಿಸಿದರು. ನೋಡಲು ಚೆಂದವೇ. ಆದರೆ ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಮಂಕಾಗುತ್ತದೆ. ಹೊಳೆಯುವ ಕಾಗದ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಅದಕ್ಕೇ ಹೊಳಪಿಲ್ಲದ ಕಾಗದ, ಹಳದಿ ಮೇಲೆ ದಪ್ಪ ಕಪ್ಪು ಅಕ್ಷರ ಆರಿಸಿಕೊಂಡೆ. ಎಲ್ಲ ಕಡೆ ಅದೇ ಬಣ್ಣ, ಒಂದೇ ಫೋನ್ ನಂಬರ್. ಕೋಲು ಹಿಡಿದ ನಡುಗುವ ಕೈಯ ಚಿತ್ರ ಬೇಡವೇ ಬೇಡ ಅಂದೆ. ನಮ್ಮ ಅಜ್ಜಂದಿರೇ ತಾಳ ಹಿಡಿದು ಭಜನೆ ಮಾಡುವ ಫೋಟೋವನ್ನು ಅವರನ್ನು ಕೇಳಿಯೇ ಹಾಕಿದೆವು. ನೋಡಿದವರಿಗೆ ತಾವೂ ಹೋಗಿ ಕೂರಬೇಕು ಅನ್ನಿಸಬೇಕಲ್ವಾ?

ಪೋಸ್ಟರ್ ಕೆಳಗೆ ಒಂದು ಸಾಲು: "ಇಲ್ಲಿ ದುಡ್ಡು ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ, ಔಷಧಿ ಮಾರುವುದಿಲ್ಲ." ಮೋಸ ಹೋದವರ ಸುದ್ದಿ ದಿನಾ ಕೇಳುವ ಹಿರಿಯರಿಗೆ ಮೊದಲು ಬೇಕಾದದ್ದು ಈ ಭರವಸೆ. ಅದರ ಪಕ್ಕದಲ್ಲೇ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಅಂಟಿಸಿದ್ದು ಅಂಚೆ ಕಚೇರಿ, ರೇಷನ್ ಅಂಗಡಿ, ಔಷಧಿ ಅಂಗಡಿಗಳ ಬಳಿ.

ಆಟೋದಲ್ಲಿ ಮೈಕ್ ಕಟ್ಟುವಾಗಲೂ ಇದೇ ಲೆಕ್ಕ. ಕಿವಿ ಮಂದವಾಗುವಾಗ ಮೊದಲು ತಪ್ಪಿಹೋಗುವುದು ಕೀರಲು ದನಿ. ಸ, ಶ ಸರಿಯಾಗಿ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಗದ್ದಲ ಹೆಚ್ಚುತ್ತದೆ ಅಷ್ಟೇ. ನಿವೃತ್ತ ಮಾಸ್ತರರೊಬ್ಬರು ತಗ್ಗಿದ ದನಿಯಲ್ಲಿ, ನಿಧಾನವಾಗಿ, "ಬರ್ರಿ, ನಾನೂ ಇರ್ತೀನಿ" ಅಂತ ರೆಕಾರ್ಡ್ ಮಾಡಿಕೊಟ್ಟರು. ಆಟೋದವನಿಗೆ ಪ್ರತಿ ತಿರುವಿನಲ್ಲೂ ನಿಲ್ಲಿಸಲು ಹೇಳಿದ್ದೆ. ಓಡುವ ಗಾಡಿಯ ಮಾತು ಯಾರಿಗೂ ಪೂರ್ತಿ ಕೇಳುವುದಿಲ್ಲ.

ಮಗ, ಸೊಸೆಯರಿಗೆ ವಾಟ್ಸಾಪ್ ಸಂದೇಶ ಬೇರೆಯೇ ಬರೆಯುತ್ತೇನೆ. ಎಷ್ಟು ಹೊತ್ತಿಗೆ ಬಿಡಬೇಕು, ಎಷ್ಟು ಹೊತ್ತಿಗೆ ಕರೆದೊಯ್ಯಬೇಕು, ಮೆಟ್ಟಿಲು ಇದೆಯೋ ಇಲ್ಲವೋ, ಶೌಚಾಲಯ ಎಲ್ಲಿದೆ. ಅವರಿಗೆ ಬೇಕಾದದ್ದು ಇಷ್ಟೇ.

ಹೊಸಬರು ಬಂದಾಗ "ಯಾರು ಹೇಳಿದರು?" ಅಂತ ಕೇಳಿ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಹೆಚ್ಚಿನವರು ಹೇಳುವುದು ಗೆಳೆಯರ ಹೆಸರು, ಬೀಗರ ಹೆಸರು. ಅದಕ್ಕೇ ಈಗ ಪೋಸ್ಟರ್ ಕಡಿಮೆ ಮಾಡಿ, ಅದೇ ಹಳದಿ ಬಣ್ಣದ ಸಣ್ಣ ಕಾರ್ಡುಗಳನ್ನು ಪ್ರತಿಯೊಬ್ಬರ ಕೈಗೂ ಕೊಟ್ಟು ಕಳಿಸುತ್ತಿದ್ದೇವೆ.